ಹವಳದ ಸರದಲ್ಲಿ ಅರಗಿನ ಹುಳು

ನಿಪ್ಪಾಣಿ ಪೇಟೆಯಲ್ಲಿ ಬುಟ್ಟಿ ಹೊತ್ತು ಬಳೆ ಮಾರುತ್ತಲೇ ಅಂಗಡಿ ಕಟ್ಟಿದವಳು ನಾನು. ಅರಗು ಯಾವುದು, ಹವಳ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಮಗಳ ನಿಶ್ಚಯದ ದಿನ, ಉಗಾರ ಖುರ್ದದ ಬೀಗರ ಮನೆಯಲ್ಲಿ ಒಬ್ಬರು ಹೇಳಿಕೊಡಲು ಬಂದರು.

ಮಗಳ ಕೊರಳಲ್ಲಿ ಬೋರಮಾಳ ಇತ್ತು: ಟೊಳ್ಳು ಚಿನ್ನದ ಗುಂಡುಗಳು, ನಡುನಡುವೆ ಕೆಂಪು ಹವಳ. ವರನ ಸೋದರತ್ತೆ ಅದನ್ನು ಬೆರಳಲ್ಲಿ ಹೊರಳಿಸಿದರು.

"ಬಳಿ ಮಾರೋರ ಮನ್ಯಾಗಿನ ಹವಳ. ಖರೇನೋ, ಅರಗಿಂದೋ?"

"ಪರೀಕ್ಷಾ ಮಾಡ್ರಿ ಬಾಯಿ," ಎಂದೆ.

ಆಕೆ ಸರ ಬಿಚ್ಚಿಸಿ ನೇರ ದೀಪದ ಮೇಲೆ ಹಿಡಿದರು. ಕಂದು ಅಂಟು ಜಿನುಗಿ ದಾರಕ್ಕೆ ಇಳಿಯಿತು.

"ಅಗ ಬಾಯಿ! ಕರಗಾಕತ್ತೈತಿ ನೋಡ್ರಿ! ನಾ ಏನಂದೆ?"

ಮಗಳು ತಲೆ ತಗ್ಗಿಸಿದಳು. ಮೋಸಗಾರ್ತಿಯ ಮಗಳೆನಿಸಿಕೊಂಡು ಅವಳು ಆ ಹೊಸ್ತಿಲು ದಾಟಬೇಕೇ? ನಾನು ದನಿ ಏರಿಸಲಿಲ್ಲ. ಚೌಕಾಸಿಯಲ್ಲಿ ಮೊದಲು ಕೂಗಿದವರೇ ಸೋಲುವುದು, ನೆನಪಿಡಿ.

"ಒಂದ ನಿಂಬಿಹಣ್ಣ ಕೊಡ್ರಿ."

ಹವಳದ ಮೇಲೆ ಒಂದು ಹನಿ ಬಿಟ್ಟೆ. ಸಣ್ಣ ಗುಳ್ಳೆಗಳೆದ್ದವು. ಅಂಟಿನ ಮೇಲೆ ಬಿಟ್ಟೆ, ಏನೂ ಇಲ್ಲ.

"ಗುಳ್ಳಿ ಎದ್ದದ್ದು ಖರೇ ಹವಳ. ಕರಗಿದ್ದು ಬಂಗಾರದ ಹೊಟ್ಟ್ಯಾಗಿನ ಅರಗ್ರಿ. ಗುಂಡು ಚಪ್ಪಟಿ ಆಗಬಾರದಂತ ಅಕ್ಕಸಾಲಿಗ ತುಂಬತಾನ. ನಿಮ್ಮ ಕೊರಳಾಗಿನ ಬೋರಮಾಳದಾಗೂ ಐತಿ. ಹಿಡೀಲೇನು ದೀಪಕ್ಕ?"

ಆಕೆಯ ಕೈ ಥಟ್ಟನೆ ಕೊರಳಿಗೆ ಹೋಯಿತು. ಮಂದಿ ಗೊಳ್ಳೆಂದು ನಕ್ಕರು. ನಾನು ಬಿಡುತ್ತೇನೆಯೇ, ಅಲ್ಲೇ ತಿಳಿಸಿ ಹೇಳಿದೆ. ಅರಗು, ಹವಳ ಎರಡೂ ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಸಣ್ಣ ಜೀವದ ದುಡಿಮೆ. ಎರಡೂ ಒಮ್ಮೆ ಕಚ್ಚಿಕೊಂಡ ಜಾಗ ಬಿಡುವುದಿಲ್ಲ. ಅರಗಿನ ಹುಳು ಬೋರೆಗಿಡದ ಟೊಂಗೆಯ ರಸ ಹೀರಿ, ಮೈಮೇಲೆ ಅಂಟಿನ ಗೂಡು ಹೊದ್ದುಕೊಳ್ಳುತ್ತದೆ. ಹವಳದ ಜೀವಿ ಕಡಲ ಬಂಡೆ ಹಿಡಿದು, ನೀರು ತಂದದ್ದನ್ನು ತಿಂದು, ಒಡಹುಟ್ಟಿದವರೊಂದಿಗೆ ಸೇರಿ ಕಲ್ಲಿನ ಎಲುಬು ಬೆಳೆಸುತ್ತದೆ. ಹುಳುವಿನ ಕೆಲಸಕ್ಕೆ ಬೆಂಕಿ ಶತ್ರು, ಹವಳಕ್ಕೆ ಹುಳಿ. ಹಾಗಾಗಿ ನಿಂಬೆ ಬಿಟ್ಟ ಕೂಡಲೇ ಒರೆಸಿ, ಇಲ್ಲದಿದ್ದರೆ ಹೊಳಪು ಹೋದೀತು.

ಸೋದರತ್ತೆಯೇ ಸರವನ್ನು ಮಗಳಿಗೆ ಮತ್ತೆ ಕಟ್ಟಿದರು. ಊಟದ ಹೊತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು, ತಮ್ಮ ಕೊರಳಿನ ಅದೇ ಸರ ಬಿಚ್ಚಿ ಮುಂದೆ ಚಾಚಿದರು.

"ಇದಕ್ಕೂ ಒಂದ ಹನಿ ಬಿಡ್ರಿ."

ಅದರ ಹವಳದ ಮೇಲೆ ಬಿಟ್ಟೆ. ಒಂದು ಗುಳ್ಳೆಯೂ ಏಳಲಿಲ್ಲ. ಆಚೆ ಪಂಕ್ತಿಯಲ್ಲಿದ್ದವರು ಕಿವಿ ನಿಮಿರಿಸಿದ್ದರು.

"ನಿಂಬಿಹಣ್ಣಿನ ಹುಳಿ ಮುಗದೈತ್ರಿ," ಎಂದೆ ಗಟ್ಟಿಯಾಗಿ.

ಆಕೆಗೆ ಎಲ್ಲ ತಿಳಿಯಿತು. ನನ್ನ ಕೈ ಒತ್ತಿ ಹಿಡಿದರು. ಇಂದಿಗೂ ಆ ಮನೆಯಲ್ಲಿ ನನ್ನ ಮಗಳ ಪರ ಮೊದಲು ಮಾತಾಡುವವರು ಅವರೇ.