ಹೆಪ್ಪಿನಂತೆ ಓಡಾಡುವ ಚಾರ್ಜರ್

ನಮ್ಮ ಓಣಿಯಲ್ಲಿ ಮೊಸರಿನ ಹೆಪ್ಪು ಹೇಗೋ ಚಾರ್ಜರೂ ಹಾಗೆ. ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿಯಿಲ್ಲ. ಪಿನ್ನು ಒಳಗೆ ಹೋದರೆ ಮುಗಿಯಿತು. ದಾಳಿಂಬೆಗೆ ಔಷಧಿ ಹೊಡೆಯುವ ಪಂಪಿಗೆ ನಮ್ಮ ಯಜಮಾನರು ಲಿಥಿಯಂ ಬ್ಯಾಟರಿ ಹಾಕಿಸಿದ್ದರು. ಅದರ ಚಾರ್ಜರ್ ಕೆಟ್ಟಾಗ ಅತ್ತೆ ಪಕ್ಕದ ಮನೆಯಿಂದ ಒಂದನ್ನು ತಂದು, ತಾವು ಮಧ್ಯಾಹ್ನ ಮಲಗುವ ಪಡಸಾಲೆಯ ಮೂಲೆಯಲ್ಲೇ ಬ್ಯಾಟರಿಗೆ ಹಚ್ಚಿದರು.

ಅವರ ತಲೆದಿಂಬಿಗೂ ಬ್ಯಾಟರಿಗೂ ಒಂದು ಗೇಣು ಅಂತರ. ಮುಟ್ಟಿ ನೋಡಿದೆ. ಹಂಚಿನಿಂದ ಈಗಷ್ಟೇ ತೆಗೆದ ರೊಟ್ಟಿಯ ಬಿಸಿ. ಸ್ವಿಚ್ ಆರಿಸಿ ಪಿನ್ನು ಕಿತ್ತೆ.

“ಯಾಕ ತಗದಿ?” ಅತ್ತೆ ಕಣ್ಣು ತೆರೆದರು.

“ಭಾಳ ಬಿಸಿ ಆಗೇತ್ರಿ ಅತ್ತಿ.”

“ಬಿಸಲ ಐತಿ. ನಾನೂ ಬಿಸಿ ಆಗೇನಿ. ನನ್ನೂ ತಗದ ಇಡ್ತಿಯೇನು?”

ಸಣ್ಣ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದುವುದು ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಹಚ್ಚಿದ ಚಟ. ಬ್ಯಾಟರಿಯ ಮೇಲೆ ಚಾರ್ಜಿಂಗ್ ೧೨.೬ ವೋಲ್ಟ್ ಎಂದಿತ್ತು. ತಂದ ಚಾರ್ಜರಿನ ಬೆನ್ನಿಗೆ ೧೪.೪, ಕೆಳಗೆ, ಸೀಸದ ಬ್ಯಾಟರಿಗೆ ಮಾತ್ರ ಎಂದು. ಪಕ್ಕದವರ ಹಳೇ ಪಂಪಿನದು ಅದು. ಲಿಥಿಯಂಗೆ ಅಷ್ಟು ವೋಲ್ಟ್ ತುಂಬಿದರೆ ಬೆಂಕಿ ಹತ್ತಿದರೂ ಹತ್ತೀತು.

ಮರುದಿನ ಬ್ಯಾಟರಿಯನ್ನು ಕೈಚೀಲದಲ್ಲಿಟ್ಟುಕೊಂಡು ಜತ್ತ ಪೇಟೆಯ ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿಯವನು ಏನನ್ನೂ ಕೇಳದೆ ಒಂದು ಕರಿ ಚಾರ್ಜರ್ ಮುಂದಿಟ್ಟ.

“ಒಯ್ರಿ ಅಕ್ಕಾರ, ಎಲ್ಲಾದಕ್ಕೂ ನಡೀತೈತಿ.”

ಆ ‘ಎಲ್ಲಾದಕ್ಕೂ’ ನನಗೆ ಸೇರಲಿಲ್ಲ. ಮೇಲಿನ ಚೀಟಿಯೂ ಅರ್ಧ ಹರಿದಿತ್ತು. ಹರಿದದ್ದೋ, ಹರಿದು ಹಾಕಿದ್ದೋ.

“ಲಿಥಿಯಂಗೆ ನಡೀತೈತಿ ಅಂತ ಬಿಲ್ಲಿನ ಮ್ಯಾಲ ಬರದು ಸಹಿ ಮಾಡ್ರಿ,” ಎಂದೆ.

ಅವನ ಪೆನ್ನು ನಿಂತಿತು. “ಬ್ಯಾಟರಿ ತಂದೀರೇನು? ತೋರಸ್ರಿ.”

ಒಳಗಿನಿಂದ ಬೇರೆ ಡಬ್ಬಿ ಬಂತು. ಲಿಥಿಯಂ, ೧೨.೬, ಆಂಪಿಯರ್ ಕೂಡ ಬ್ಯಾಟರಿ ಕೇಳಿದಷ್ಟೇ. ಎರಡು ಸಲ ಓದಿಯೇ ತೆಗೆದುಕೊಂಡೆ.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಒಂದೇ ಮಾತು ಕೇಳಿದರು: “ಬರದು ಕೊಡಾಕ ಅಂಜಿದನೇನು?” ಹೌದೆಂದೆ. ಅವರು ಎದ್ದು ದಿಂಬನ್ನು ಆಚೆ ಗೋಡೆಗೆ ಒಯ್ದರು. ನಾನು ಬ್ಯಾಟರಿಯನ್ನು ಹೊರಗಿನ ನೆರಳಿನ ಕಲ್ಲುಕಟ್ಟೆಗೆ ಸಾಗಿಸಿ, ಹೊಸ ಚಾರ್ಜರಿಗೆ ಗುರುತಿಗೆಂದು ಕೆಂಪು ದಾರ ಕಟ್ಟಿದೆ. ಅರ್ಧ ತಾಸಿಗೊಮ್ಮೆ ಮುಟ್ಟಿ ನೋಡಿದೆ. ತಣ್ಣಗೇ ಇತ್ತು, ಆದರೂ ನೋಡಿದೆ.

ವಾರದಲ್ಲಿ ಪಕ್ಕದಾಕೆ ಬಂದಳು. “ವೈನಿ, ನಿಮ್ಮ ಹೊಸಾ ಚಾರ್ಜರ್ ಕೊಡ್ರಿ. ನಮ್ದು ಲಗೂನ ಚಾರ್ಜ್ ಏರವಲ್ದು.”

ಇಲ್ಲವೆನ್ನುವ ಪದ್ಧತಿಯಿಲ್ಲವಲ್ಲ. ಒಳಗಿನಿಂದ ಅತ್ತೆ ಅಂದರು, “ಮೊದಲ ನಿನ್ನ ಬ್ಯಾಟರಿ ತಾ. ನಮ್ಮ ಸೊಸಿ ಓದಿ ನೋಡ್ತಾಳ.”

“ಹೆಪ್ಪು ಕೊಡಾಕ ಎಮ್ಮಿ ತೋರಸು ಅಂದಂಗಾತಲ್ರಿ ಅತ್ತಿ,” ಎಂದಳು ಪಕ್ಕದಾಕೆ.

“ಹೆಪ್ಪು ಮನಿ ಸುಡೂದಿಲ್ಲವ್ವ,” ಎಂದರು ಅತ್ತೆ.