ಮೊಲದ ಮಾವನ ಕೊನೆಯ ಜೋಡಿ

ಮನೆಯೊಳಗೆ ಮೊಲ ಸಾಕಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿ ಕಳಿಸುತ್ತಿದ್ದವರು ನಮ್ಮ ಭಾವ. ಹೇಳುವ ಅಧಿಕಾರ ಅವರಿಗಿತ್ತು, ಇಲ್ಲವೆನ್ನುವುದಿಲ್ಲ. ಔಷಧಿ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಅವರ ಕೆಲಸವೇ ಮೊಲಗಳನ್ನು ನೋಡಿಕೊಳ್ಳುವುದು. ಪಂಜರದ ತಟ್ಟೆ ತೊಳೆಯಬೇಕು, ಒಣಹುಲ್ಲು ಹಾಕಬೇಕು, ತೂಕ ನೋಡಬೇಕು, ಡಾಕ್ಟರು ಕಿವಿಯ ನರದಿಂದ ರಕ್ತ ತೆಗೆಯುವಾಗ ಮಿಸುಕದಂತೆ ಹಿಡಿದುಕೊಳ್ಳಬೇಕು. ಹಿಡಿಯುವುದೇ ದೊಡ್ಡ ವಿದ್ಯೆಯಂತೆ. ಹಿಂಗಾಲಿಗೆ ಆಸರೆ ಕೊಡದೆ ಎತ್ತಿದರೆ ಮೊಲ ಹೆದರಿ ಒದ್ದಾಡಿ ತನ್ನ ಬೆನ್ನನ್ನು ತಾನೇ ಮುರಿದುಕೊಳ್ಳುತ್ತದೆ. ಭಾವನ ಕೈಯಲ್ಲಿ ಒಂದೂ ಹಾಗೆ ಹೋದದ್ದಿಲ್ಲ. ಲ್ಯಾಬಿನವರೂ ನಮ್ಮ ಬೀದಿಯವರೂ ಅವರನ್ನು ಮೊಲದ ಮಾವ ಎಂದೇ ಕರೆಯುತ್ತಿದ್ದರು. ನಮ್ಮಕ್ಕನನ್ನು ಮೊಲದತ್ತೆ ಎನ್ನುವ ಧೈರ್ಯ ಮಾತ್ರ ಯಾರೂ ಮಾಡಲಿಲ್ಲ.

ಆ ಲ್ಯಾಬು ಮುಚ್ಚುವುದೆಂದಾಯಿತು. ಹನ್ನೆರಡು ಮೊಲ ಉಳಿದಿದ್ದವು. ತಿಂಗಳೊಳಗೆ ಯಾರಾದರೂ ಸಾಕಲು ಒಯ್ದರೆ ಸರಿ, ಉಳಿದವಕ್ಕೆ ಕೊನೆಯ ಸೋಮವಾರ ಹತ್ತು ಗಂಟೆಗೆ ಇಂಜೆಕ್ಷನ್ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಅದು ಎಂಥ ಇಂಜೆಕ್ಷನ್ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಪರೀಕ್ಷೆ ಮುಗಿದ ಮೊಲಗಳನ್ನು ಇಷ್ಟು ವರ್ಷ ಆ ಮೇಜಿನ ಮೇಲೆ ಹಿಡಿದುಕೊಂಡವರೂ ಭಾವನೇ. ಎಷ್ಟು ಹಿಡಿದಿರಬಹುದು ಎಂದು ಒಮ್ಮೆ ಕೇಳಿ ಬೈಸಿಕೊಂಡಿದ್ದೆ. ಈ ಹನ್ನೆರಡರಲ್ಲಿ ಒಂದನ್ನೂ ಆ ಮೇಜಿಗೆ ತರಬಾರದು ಎಂದು ಅವರು ಪಣ ತೊಟ್ಟಂತಿತ್ತು.

ಜನ ಬಂದರು. ಬರದೆ ಏನು? ಬಿಳಿ ಮೈ, ಗುಲಾಬಿ ಕಣ್ಣು, ನೋಡಿದವರೆಲ್ಲ ಅಯ್ಯೋ ಮುದ್ದು ಎನ್ನುವವರೇ. ಭಾವ ಅವರನ್ನೆಲ್ಲ ಪೊಲೀಸರ ಹಾಗೆ ವಿಚಾರಿಸಿದರು.

"ಮನೇಲಿ ನೆಲ ಜಾರುತ್ತಾ? ಜಾರಿದ್ರೆ ಕಾಲು ಹೋಗುತ್ತೆ. ವೈರೆಲ್ಲ ಮುಚ್ಚಿದೀರಾ? ಕಂಡಿದ್ದೆಲ್ಲ ಕಡೀತಾವೆ. ದಿನಾ ಹುಲ್ಲು ಎಲ್ಲಿಂದ ತರ್ತೀರಾ? ಒಂದು ದಿನ ಊಟ ಬಿಟ್ರೆ ಸಾಯೋ ಪ್ರಾಣಿ ಇದು. ಊಟ ಬಿಟ್ಟಿದೆ ಅಂತ ನಿಮಗೆ ಗೊತ್ತಾಗುತ್ತಾ?"

ಈ ಪರೀಕ್ಷೆಯಲ್ಲಿ ಪಾಸಾಗಿ ಐದು ಮನೆಯವರು ಐದು ಜೋಡಿ ಒಯ್ದರು. ಕೊನೆಯ ಜೋಡಿಗೆ ಒಬ್ಬ ಟೀಚರಮ್ಮ ಬಂದರು. ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿ, ಕಡೆಗೆ ಮನೆಯಲ್ಲೊಂದು ಮುದಿ ನಾಯಿ ಇದೆ, ಹಲ್ಲೆಲ್ಲ ಬಿದ್ದಿವೆ ಎಂದರಂತೆ. ಅಷ್ಟೇ. "ಹಲ್ಲಿಲ್ದಿದ್ರೂ ನಾಯಿ ನಾಯೀನೇ. ಅದರ ವಾಸನೆಗೇ ಇವು ಪ್ರಾಣ ಬಿಡ್ತಾವೆ. ಇಷ್ಟೂ ಗೊತ್ತಿಲ್ದೆ ಮೊಲ ಸಾಕೋಕೆ ಬಂದ್ರಾ?" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿಬಿಟ್ಟರು. ಮನೆಗೆ ಬಂದು ಅದನ್ನೇ ಹೆಮ್ಮೆಯಿಂದ ಹೇಳಿಕೊಂಡರು ಬೇರೆ. ಇನ್ನೂ ಎರಡು ವಾರ ಇತ್ತು, ಇನ್ಯಾರಾದರೂ ಬರುತ್ತಾರೆ ಎಂದುಕೊಂಡಿದ್ದರು. ಯಾರೂ ಬರಲಿಲ್ಲ.

ಕೊನೆಯ ಶುಕ್ರವಾರ ಸಂಜೆ ಆ ಎರಡನ್ನೂ ಮುಚ್ಚಳದ ಬುಟ್ಟಿಯಲ್ಲಿ ಹಾಕಿಕೊಂಡು ಮನೆಗೇ ತಂದರು. ಅವರ ಮನೆ ಮೂರನೇ ಮಹಡಿಯಲ್ಲಿ, ಎದುರು ಬಾಗಿಲು ನನ್ನದು. ಅವರದು ಒಂದು ಕೋಣೆ, ಒಂದು ಅಡುಗೆಮನೆ, ತೆರೆದರೆ ಪಕ್ಕದ ಕಟ್ಟಡದ ಗೋಡೆ ಕಾಣುವ ಒಂದೇ ಕಿಟಕಿ. ಅಕ್ಕನಿಗೆ ಹದಿನೈದು ವರ್ಷದಿಂದ ಉಬ್ಬಸ. ಹಾಸಿಗೆ ಕೊಡವಿದರೂ ದಮ್ಮು ಹತ್ತುವ ಹೆಂಗಸು. ಭಾವ ಕೆಲಸದಿಂದ ಬಂದರೆ ಮೈ ತೊಳೆದು ಬಟ್ಟೆ ಬದಲಿಸದೆ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಅಂಥ ಮನುಷ್ಯ ಎರಡು ಮೊಲ, ಒಂದು ಹೊರೆ ಹುಲ್ಲು ತಂದು ಕೋಣೆಯ ನಡುವೆ ಇಟ್ಟರೆ ನನಗೆ ಹೇಗಾಗಬೇಡ?

"ತಲೆಗಿಲೆ ಕೆಟ್ಟಿದೆಯಾ ಭಾವ ನಿಮಗೆ? ಅಕ್ಕನ್ನ ಸಾಯಿಸ್ಬೇಕು ಅಂತ ಇದೀರಾ?"

"ಸೋಮವಾರದ ತನಕ ನೋಡೋಣ. ಇವಳಿಗೆ ಆಗ್ಲಿಲ್ಲ ಅಂದ್ರೆ..." ಎಂದು ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಮನೇಲಿ ಇಟ್ಕೋತೀಯೇನಮ್ಮಾ? ಕಸ, ಹುಲ್ಲು, ನೀರು ಎಲ್ಲ ನಾನೇ ನೋಡ್ಕೋತೀನಿ. ನಿನಗೆ ಒಂದು ಚೂರೂ ತೊಂದ್ರೆ ಕೊಡಲ್ಲ."

ಆಗಲ್ಲ ಎಂದೆ. ಯೋಚನೆ ಕೂಡ ಮಾಡಲಿಲ್ಲ. ನಾನು ಒಂಟಿ ಹೆಂಗಸು, ಲಾಂಡ್ರಿಯಲ್ಲಿ ದಿನವಿಡೀ ನಿಂತು ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕಿ ಬರುವವಳು. ಬೀಗ ತೆಗೆದಾಗ ಮನೆ ಬೆಳಿಗ್ಗೆ ಬಿಟ್ಟುಹೋದ ಹಾಗೇ ಇರಬೇಕು, ಅದೊಂದೇ ನನ್ನ ಸುಖ. ಹಿಕ್ಕೆ ಹಾಕುವ ಪ್ರಾಣಿ ನನ್ನ ನೆಲದ ಮೇಲೆ ಓಡಾಡುವುದನ್ನು ನೆನೆದರೇ ಮೈ ಜುಮ್ಮೆನ್ನುತ್ತಿತ್ತು. ಭಾವ ಎರಡನೇ ಸಲ ಕೇಳಲಿಲ್ಲ. ಕೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಶನಿವಾರ ಅವರು ಗೋಣಿಚೀಲ ಬಿಚ್ಚಿ ನೆಲಕ್ಕೆಲ್ಲ ಹಾಸಿದರು. ಹಳೇ ನೀರಿನ ಪೈಪು ಸೀಳಿ ಫ್ರಿಜ್ಜಿನ ವೈರಿಗೂ ಫ್ಯಾನಿನ ವೈರಿಗೂ ತೊಡಿಸಿದರು. ದೂಳು ಏಳದಿರಲಿ ಎಂದು ಹುಲ್ಲಿಗೆ ನೀರು ಚಿಮುಕಿಸಿ ಅಡುಗೆಮನೆಯ ಮೂಲೆಯಲ್ಲಿಟ್ಟರು. ಅಕ್ಕ ಮಂಚದ ಮೇಲೆ ಕೂತು ಅವರ ಪರೀಕ್ಷೆಯನ್ನು ಅವರಿಗೇ ಒಪ್ಪಿಸಿದಳು.

"ನೆಲ ಜಾರುತ್ತಾ ಮೊಲದ ಮಾವ? ವೈರ್ ಮುಚ್ಚಿದೀರಾ? ಮನೇಲಿ ನಾಯಿ ಇಲ್ಲ ತಾನೇ? ಹೆಂಡತಿ ಒಬ್ಬಳು ಇದಾಳೆ, ಪರವಾಗಿಲ್ವಾ?"

ನಗು ಬಂದುಬಿಟ್ಟಿತು ನನಗೂ. ಒಂದು ಮೊಲ ಮೆಲ್ಲಗೆ ಬಂದು ಅವಳ ಕಾಲಿನ ಹೆಬ್ಬೆರಳು ನೆಕ್ಕಿತು. "ರೀ, ಇಪ್ಪತ್ತಾರು ವರ್ಷದ ನನ್ನ ಸವತಿಯರು ಇವರೇನಾ? ಚೆನ್ನಾಗಿದಾರೆ ಬಿಡಿ. ಇರ್ಲಿ. ನನಗೇನೂ ಆಗ್ತಿಲ್ಲ" ಎಂದಳು. ಭಾವ ಹುಲ್ಲಿನ ಹೊರೆ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ ನಿಂತರು. ಅಳುತ್ತಿದ್ದಾರೆಂದು ನನಗೆ ಆಮೇಲೆ ಗೊತ್ತಾಯಿತು.

ಭಾನುವಾರ ಮಧ್ಯಾಹ್ನ ಅಕ್ಕ ಬಟಾಣಿ ಬಿಡಿಸುತ್ತಿದ್ದಳು. ನಾನು ಏನೋ ಹರಟುತ್ತಿದ್ದೆ. ಭಾವ ನೆಲದ ಮೇಲೆ ಕೂತು ಅವಳನ್ನೇ ನೋಡತೊಡಗಿದರು. ಮೊಲ ತನ್ನ ಕಾಯಿಲೆಯನ್ನು ತೋರಿಸಿಕೊಳ್ಳುವ ಪ್ರಾಣಿಯಲ್ಲ, ಸಾಯುವ ಗಳಿಗೆಯವರೆಗೂ ಏನೂ ಆಗದ ಹಾಗೆ ಕೂತಿರುತ್ತದೆ. ಅದಕ್ಕೇ ಭಾವ ಮುಖ ನೋಡುವವರಲ್ಲ, ಪಕ್ಕೆ ನೋಡುವವರು. ಅಕ್ಕನ ಮುಖದಲ್ಲಿ ನಗುವಿತ್ತು. ಪಕ್ಕೆಗಳು ಒಳಕ್ಕೆ ಎಳೆದುಕೊಳ್ಳುತ್ತಿದ್ದವು. ಭಾವ ಎದ್ದು ಅವಳ ದಿಂಬಿನಡಿಯಿಂದ ಇನ್ಹೇಲರ್ ತೆಗೆದು, ಎಷ್ಟು ಉಳಿದಿದೆ ಎಂದು ತೋರಿಸುವ ಅದರ ಹಿಂದಿನ ಅಂಕಿ ನೋಡಿದರು.

"ಎಷ್ಟು ಸಲ ಎಳ್ಕೊಂಡೆ?"

"ಎರಡೋ ಮೂರೋ."

"ಸುಳ್ಳು ಹೇಳ್ಬೇಡ ಕಣೇ. ಶುಕ್ರವಾರದಿಂದ ನಲವತ್ತು ಸಲ."

"ಇನ್ನೇನ್ ಮಾಡ್ಲಿ?" ಎಂದಳು ಅಕ್ಕ. ಒಂದೊಂದು ಮಾತಿಗೂ ಉಸಿರಿಗಾಗಿ ತಡವರಿಸುತ್ತಿದ್ದಳು. "ಎರಡು ದಿನದಿಂದ... ಮನುಷ್ಯರ ಹಾಗೆ ಕಾಣ್ತಿದೀರಿ. ಹೇಗ್ರೀ ಹೇಳ್ಲಿ?"

ಆಮೇಲೆ ಶುರುವಾಯಿತು ಕೆಮ್ಮು. ಬುಟ್ಟಿ ಹೊರಗಿಟ್ಟು, ಕಿಟಕಿ ತೆರೆದು, ಬೆನ್ನು ನೀವಿ, ಅವಳ ತುಟಿಗೆ ಮತ್ತೆ ಬಣ್ಣ ಬರುವುದಕ್ಕೆ ಎರಡು ಗಂಟೆ ಹಿಡಿಯಿತು.

ಸಂಜೆ ಭಾವ ಮೆಟ್ಟಿಲ ಮೇಲೆ ಬುಟ್ಟಿಯ ಪಕ್ಕ ಕೂತು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದರು. ಕಡೆಗೆ ಮಾನ ಮರ್ಯಾದೆ ಬಿಟ್ಟು ಆ ಟೀಚರಮ್ಮನಿಗೂ ಮಾಡಿದರು. ಆಕೆಯ ದನಿ ನನಗೂ ಕೇಳಿಸಿತು. "ನಮ್ಮ ನಾಯಿ ಹೋದ ವಾರ ತೀರ್ಕೊಂಡ್ತು. ಇನ್ನು ಯಾವ ಪ್ರಾಣೀನೂ ಬೇಡ ಅನ್ಸಿಬಿಟ್ಟಿದೆ. ಅವತ್ತು ನೀವು ಕೊಟ್ಟಿದ್ರೆ ಬೇರೆ ಮಾತಿತ್ತು." ಫೋನ್ ಕಟ್ಟಾದ ಮೇಲೂ ಭಾವ ಅದನ್ನು ಕಿವಿಯಿಂದ ತೆಗೆಯಲಿಲ್ಲ. "ನನ್ನ ಬಾಯಿಗೆ ಬೆಂಕಿ ಹಾಕ" ಎಂದು ಹಣೆ ಚಚ್ಚಿಕೊಂಡರು.

"ಪಾರ್ಕಿನಲ್ಲಿ ಬಿಟ್ಬಿಡಿ ಭಾವ" ಎಂದೆ.

"ಬಿಸಿಲು ಕಂಡಿಲ್ಲ, ಮಣ್ಣು ಮುಟ್ಟಿಲ್ಲ. ನಾಯಿಗಳು ಸೀಳಿ ಹಾಕ್ತಾವೆ. ಅದಕ್ಕಿಂತ ನನ್ನ ಕೈಯಲ್ಲೇ ಹೋಗ್ಲಿ."

ನನ್ನ ಮನೆಯ ಬಾಗಿಲು ಅವರ ಬೆನ್ನ ಹಿಂದೆಯೇ ಇತ್ತು.

ಸೋಮವಾರ ನಾನು ಲಾಂಡ್ರಿಗೆ ರಜೆ ಹೇಳಿದೆ. ಭಾವನೊಬ್ಬರನ್ನೇ ಕಳಿಸಲು ಅಕ್ಕ ಹೆದರಿದಳು, ಅವಳ ಮಾತಿಗೆ ಹೊರಟೆ. ಬಸ್ಸಿನಲ್ಲಿ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಒಂದರ ಬೆನ್ನ ಮೇಲೆ ಇನ್ನೊಂದು ಗದ್ದ ಊರಿಕೊಂಡಿತ್ತು. ಬುಟ್ಟಿಯ ತಳದಿಂದ ಅವುಗಳ ಬಿಸಿ ನನ್ನ ಸೀರೆಗೆ ತಾಗುತ್ತಿತ್ತು. ಲ್ಯಾಬಿನಲ್ಲಿ ಪಂಜರಗಳೆಲ್ಲ ಖಾಲಿ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಭಾವನ ಮುಖ ನೋಡಲಾರದೆ ಸಿರಿಂಜನ್ನೇ ನೋಡುತ್ತಿದ್ದಳು.

"ನೀವು ಬೇಡ ಮಾವ. ಹೊರಗೆ ಕೂತ್ಕೊಳಿ. ನಾನೇ ಹೇಗೋ ಮಾಡ್ತೀನಿ."

"ಬೇರೆಯವರು ಹಿಡಿದ್ರೆ ಹೆದರ್ತಾವಮ್ಮ" ಎಂದರು ಭಾವ.

ಮೊದಲನೆಯದನ್ನು ಎತ್ತಿಕೊಂಡು ಅದರ ಕಣ್ಣುಗಳನ್ನು ತಮ್ಮ ಕಂಕುಳಿಗೆ ಒತ್ತಿಕೊಂಡರು. ಅದು ಕಿವಿ ಮಡಚಿಕೊಂಡು ಸುಮ್ಮನಾಯಿತು. ಆಯ್ತು ಪುಟ್ಟ, ಆಯ್ತು, ಆಯ್ತು ಎನ್ನುತ್ತಿದ್ದರು. ಎಷ್ಟು ಬೇಗ ಮುಗಿಯಿತೆಂದರೆ ನನಗೆ ನಂಬಲಾಗಲಿಲ್ಲ. ಭಾವ ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟು ಬುಟ್ಟಿಗೆ ಕೈ ಹಾಕಿದರು. ಒಳಗಿದ್ದದ್ದು ಎರಡು ಕಾಲಿನ ಮೇಲೆ ಎದ್ದು ನಿಂತು ಮೂಗು ಆಡಿಸುತ್ತಾ ಹೊರಗೆ ಹುಡುಕುತ್ತಿತ್ತು. ನಾನು ಬುಟ್ಟಿಗೆ ಕೈ ಅಡ್ಡ ಇಟ್ಟೆ.

"ಭಾವ, ಬೇಡ! ಇದನ್ನ ನಾನು ಇಟ್ಕೋತೀನಿ."

ಭಾವ ತಿರುಗಿ ನೋಡಿದರು. "ಈಗ ಹೇಳ್ತೀಯಲ್ಲಮ್ಮಾ" ಎಂದರು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಹುಟ್ಟಿದಾಗಿಂದ ಒಂದೇ ಪಂಜರ. ಒಂಟಿಯಾದ್ರೆ ಊಟ ಮುಟ್ಟಲ್ಲ ಇದು."

"ತಿನ್ನಿಸೋಣ ಭಾವ. ನಿಮ್ಮ ದಮ್ಮಯ್ಯ."

ಡಾಕ್ಟರು ಸರಸರನೆ ಸೂಜಿಗೆ ಮುಚ್ಚಳ ಹಾಕಿಬಿಟ್ಟಳು.

ನಾನು ಕೆಲಸಕ್ಕೆ ಮತ್ತೆ ರಜೆ ಹಾಕಿದೆ. ನನ್ನ ನೆಲದ ಮೇಲೆ ಗೋಣಿ ಹಾಸಿ ಭಾವ ಎರಡು ದಿನ ಅದರ ಪಕ್ಕದಲ್ಲೇ ಕೂತರು. ಕೊತ್ತಂಬರಿ ಸೊಪ್ಪು, ಮೂಲಂಗಿ ಎಲೆ, ಎಳೆ ಹುಲ್ಲು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದರು. ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ಬಿಟ್ಟರೆ ತುಟಿಯಿಂದ ಹೊರಗೆ ಹರಿಯಿತು. ಅದು ಬಾಗಿಲಿನ ಕಡೆಗೇ ಮುಖ ಮಾಡಿ ಕೂತಿತ್ತು. ಅಕ್ಕ ಗಂಟೆಗೊಮ್ಮೆ ತನ್ನ ಬಾಗಿಲು ತೆರೆದು, ಮೂಗಿಗೆ ಸೆರಗು ಒತ್ತಿಕೊಂಡು ಅಲ್ಲಿಂದಲೇ ಕೇಳುತ್ತಿದ್ದಳು. "ತಿಂತಾ ರೀ?" ಇಲ್ಲ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನನ್ನ ಹಾಳು ಉಸಿರಿನಿಂದ ಹೀಗಾಯ್ತು ಎಂದು ಒಳಗೆ ಅಳುವುದು ನನಗೆ ಕೇಳಿಸುತ್ತಿತ್ತು.

ಬುಧವಾರ ಹನ್ನೊಂದರ ಸುಮಾರಿಗೆ ಭಾವ ಅದರ ಪಕ್ಕೆಯ ಮೇಲೆ ಕೈಯಿಟ್ಟರು, ಇಟ್ಟ ಕೈ ತೆಗೆಯಲಿಲ್ಲ. ನನಗೆ ಗೊತ್ತಾಯಿತು. ಅಷ್ಟರಲ್ಲಿ ಎದುರು ಬಾಗಿಲು ತೆರೆಯಿತು.

"ತಿಂತಾ ರೀ?"

ಭಾವ ಕೈಯಲ್ಲಿದ್ದ ಮೂಲಂಗಿ ಎಲೆಯನ್ನು ಮುದುರಿ ಅಂಗಿಯ ಜೇಬಿಗೆ ಹಾಕಿಕೊಂಡರು. "ತಿಂತು ಕಣೇ. ಎರಡೆಲೆ ತಿಂತು. ಬಾಗಿಲು ಹಾಕ್ಕೋ, ಕೂದಲು ಹಾರುತ್ತೆ."

"ನಾನು ಹೇಳ್ಲಿಲ್ವಾ! ಬದುಕುತ್ತೆ ಅಂತ ನಾನು ಹೇಳ್ಲಿಲ್ವಾ!" ಅಕ್ಕ ಸೆರಗಿನ ಹಿಂದಿನಿಂದಲೇ ನಕ್ಕಳು. ಬಾಗಿಲು ಹಾಕಿಕೊಂಡಳು.

ನಾನು ಗೋಡೆ ಹಿಡಿದು ಕೂತೆ. "ನಾಳೆ ಕೇಳಿದ್ರೆ ಏನ್ ಹೇಳೋದು ಭಾವ?"

"ನಾಳೆನೂ ತಿಂತು ಅಂತಾನೇ ಹೇಳು" ಎಂದರು.