ಬಂದವರಿಗೆ ಕೊಟ್ಟ ನೀರು

ಆಕೆ ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ನಾನು ಸುಳ್ಳು ಹೇಳಿದೆ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ, ಹೀಗೇ ಹೇಳು ಎಂದು ಕಿವಿಯಲ್ಲಿ ಊದಿರಲಿಲ್ಲ — ನಾನಾಗಿಯೇ, ತುಂಬಿದ ಸಭೆಯಲ್ಲಿ, ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದೆ. ಹದಿನೇಳು ವರ್ಷವಾಯಿತು. ಆ ಸುಳ್ಳಿನ ನೀರನ್ನು ಒಂದು ಊರು ಇವತ್ತಿಗೂ ಕುಡಿಯುತ್ತಿದೆ.

ಊರಿನ ಹೆಸರು ಬರೆಯುವುದಿಲ್ಲ. ನನ್ನನ್ನು ಉಳಿಸಿಕೊಳ್ಳುವುದಕ್ಕಲ್ಲ. ಆ ಊರಿನ ಹೆಣ್ಣುಮಕ್ಕಳಿಗೆ ಗಂಡು ಸಿಗುವುದು ಈಗಲೇ ಕಷ್ಟವಾಗಿದೆ, ಇನ್ನು ಅಚ್ಚಿನಲ್ಲೂ ಬಂದರೆ — ಬೇಡ. ಕೊಡ್ಲಿ ಗ್ರಾಮ ದಾಟಿ ಒಳಗೆ ಹೋದರೆ ಸಿಗುವ ಊರು, ಅಷ್ಟು ಸಾಕು.

ಆಗ ನಾನು ಸೇಡಮ್ಮಿನ ಶಾಲೆಗೆ ಹೊಸದಾಗಿ ಸೇರಿದ ಇಂಗ್ಲಿಷ್ ಮಾಸ್ತರ. ಪರದೇಶದ ಒಂದು ಸಂಸ್ಥೆ ಆ ಊರಿಗೆ ಬೋರು, ಟಾಕಿ, ನಳ ಕೊಡಿಸಿತ್ತು. ನೀರು ಬಿಡುವ ದಿನ ಅಲ್ಲಿಂದ ಒಬ್ಬ ಹೆಂಗಸು ನೋಡಲು ಬರುವವಳಿದ್ದಳು; ಊರವರ ಬಾಯಲ್ಲಿ ಆಕೆ ‘ಬಾಯಾರು’. ಕೆಲಸ ಮಾಡಿಸಿದ ಇಲ್ಲಿಯ ಜನ ಶಾಲೆಗೆ ಬಂದು, ಮಾತು ತಿಳಿಸಿ ಹೇಳುವವರು ಒಬ್ಬರು ಬೇಕು ಎಂದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ. ಬಸ್ ಸ್ಟ್ಯಾಂಡಿನ ಮುಂದೆ ಹಾಯುವಾಗ ನಾಲ್ಕು ಮಂದಿ ನೋಡಲಿ ಎಂದು ಜೀಪಿನ ಮುಂದಿನ ಸೀಟಿನಲ್ಲೇ ಕುಳಿತಿದ್ದೆ. ನಗಬೇಡಿ — ನಕ್ಕರೂ ಸರಿಯೇ. ಆ ಸೀಟಿನ ಸೊಕ್ಕು ದಿನವಿಡೀ ಇಳಿಯಲಿಲ್ಲ.

ಬೇವಿನ ಮರದ ಕೆಳಗೆ ಜಮಖಾನೆ ಹಾಸಿದ್ದರು. ಬಂದಾಕೆಗೆ ಹಾರ ಹಾಕಿದರು. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ನೀರು, ಆಮೇಲೆ ಮಾತು. ನೀಲಮ್ಮ ಎಂಬ ಐವತ್ತರ ಹೆಂಗಸು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದು ಅತಿಥಿಯ ಮುಂದೆ ಇಟ್ಟರು. ಆಕೆ ನಮ್ಮವರ ಹಾಗೆ ಮೇಲಿಂದ ಹೊಯ್ದುಕೊಂಡು ಕುಡಿಯಲು ಹೋಗಿ ಕೊರಳೆಲ್ಲ ತೋಯಿಸಿಕೊಂಡಳು. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಆಮೇಲೆ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿ ಕೇಳಿದಳು: ಇದು ನಾವು ಕೊರೆಸಿದ ಬೋರಿನ ನೀರೇ?

ನಾನು ನೀಲಮ್ಮನವರನ್ನು ಕೇಳಿದೆ. ಅವರು ಹೇಳಿದ್ದು ಇದು — ಒಂದಕ್ಷರವೂ ಮರೆತಿಲ್ಲ:

"ಅಯ್ಯ, ಬಂದವರಿಗೆ ಬೋರಿನ ನೀರು ಕೊಡ್ತಾರೇನ್ರಿ ಮಾಸ್ತರ? ಇದು ಹಳೇ ಬಾವಿದು, ಮುಂಜಾನೆ ಹೋಗಿ ಸೇದಿಕೊಂಡು ಬಂದೀನಿ. ಆ ಬೋರಿನ ನೀರು ಛಲೋ ಇಲ್ರಿ. ಬಾಜೂ ಹೊಲದಾಗ ಅಂಥದೇ ಬೋರಿನ ನೀರು ಕುಡದು ಎತ್ತಿನ ಹಲ್ಲು ಕಂದಿ ಹೋಗ್ಯಾವ, ಕಾಲು ಕುಂಟಾಕತ್ತಾವ. ನಮ್ಮ ಕೂಸುಗಳಿಗೆ ಅದು ಬ್ಯಾಡ್ರಿ. ನಮ್ಮ ಬಾವಿ ಹೂಳು ತೆಗೆಸಿ ಕೊಡ್ರಿ ಅಂತ ಆ ಬಾಯಾರಿಗೆ ಹೇಳ್ರಿ."

ನಾನು ಕೇಳಿದೆ. ಪೂರ್ತಿ ಕೇಳಿದೆ. ಆಮೇಲೆ ಆಕೆಗೆ ಹೇಳಿದೆ — ಹೌದು, ನಿಮ್ಮ ಬೋರಿನದೇ. ಊರಿನ ಹೆಂಗಸರು ನಿಮ್ಮ ಉಪಕಾರ ಮರೆಯುವುದಿಲ್ಲ ಅನ್ನುತ್ತಿದ್ದಾರೆ.

ಆಕೆಯ ಕಣ್ಣು ತುಂಬಿ ಬಂತು. ಎಷ್ಟು ಸಿಹಿಯಾಗಿದೆ ಎಂದಳು. ಆ ಮಾತನ್ನು ಮಾತ್ರ ನಾನು ಇದ್ದದ್ದು ಇದ್ದ ಹಾಗೆ ಊರವರಿಗೆ ಮುಟ್ಟಿಸಿದೆ.

"ಬಾವಿ ನೀರು ಅಲ್ಲೇನು, ಸಿಹಿ ಇರೂದೇ" ಅಂದರು ನೀಲಮ್ಮ. "ಹೂಳು ತೆಗೆಸೂದಕ್ಕ ಏನಂದ್ರು?"

"ನೋಡ್ತೀವಿ ಅಂತಾರ," ಅಂದೆ.

ಇದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಇದೇ ದೊಡ್ಡದೆಂದು ತಿಳಿಯಲು ನನಗೆ ಹದಿನೇಳು ವರ್ಷ ಬೇಕಾಯಿತು.

ಯಾಕೆ ಹೇಳಿದೆ? ಅತಿಥಿಯ ಮುಂದೆ ಊರಿನ ಮರ್ಯಾದೆ ಹೋಗಬಾರದೆಂದು — ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಆ ನಗು, ಆ ಹಾರ, ಆ ಸಭೆ — ನನ್ನ ಬಾಯಿಂದ ಕೆಡುವುದು ಬೇಡವಾಗಿತ್ತು. ಒಳ್ಳೆಯ ಮಾತು ಹೇಳಿದರೆ ಮತ್ತೆ ಕರೆಯುತ್ತಾರೆ ಎಂಬ ಆಸೆಯೂ ಇತ್ತು. ಕರೆದರು. ನಾಲ್ಕು ಸಲ, ಬೇರೆ ಬೇರೆ ಊರಿಗೆ ಕರೆದರು. ಪ್ರತಿ ಸಲವೂ ಮುಂದಿನ ಸೀಟು.

ಈ ವರ್ಷ ಶಾಲೆ ಶುರುವಾದಾಗ ಎಂಟನೆಯ ಇಯತ್ತೆಗೆ ಒಂದು ಹೊಸ ಹುಡುಗಿ ಬಂದಳು. ಪಾಠ ಓದು ಎಂದರೆ ವೇಲಿನ ಸೆರಗನ್ನು ಬಾಯಿಗೆ ಹಿಡಿದು ಓದುತ್ತಿದ್ದಳು. ಗೊಣಗೊಣ, ಏನೂ ಕೇಳದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿಂದ ವೇಲು ತೆಗೆ ಎಂದು ಗದರಿಸಿದೆ. ತೆಗೆದಳು. ಹಲ್ಲುಗಳೆಲ್ಲ ಕಂದು, ಅಲ್ಲಲ್ಲಿ ತೂತು ಬಿದ್ದು ಸವೆದಿದ್ದವು. "ಹಲ್ಲು ಉಜ್ಜಂಗಿಲ್ಲೇನವ್ವ?" ಅಂದೆ. ಇಡೀ ಕ್ಲಾಸು ಹೋ ಎಂದು ನಕ್ಕಿತು. ಆ ನಗೆಯನ್ನು ಎಬ್ಬಿಸಿದವನೂ ನಾನೇ, ಅದನ್ನೂ ಬರೆದುಬಿಡುತ್ತೇನೆ.

ಹುಡುಗಿ ಅಳಲಿಲ್ಲ. "ದಿನಾ ಉಜ್ಜತೀನ್ರಿ ಸರ. ನಮ್ಮೂರಾಗ ಎಲ್ಲರವೂ ಹಿಂಗೇ ಅವರಿ. ನೀರಿಂದು."

"ಯಾವೂರು?"

ಹೇಳಿದಳು.

ಎತ್ತಿನ ಹಲ್ಲು ಕಂದಿ ಹೋಗ್ಯಾವ — ನೀಲಮ್ಮನವರ ದನಿ ಕ್ಲಾಸಿನೊಳಗೇ ಕೇಳಿಸಿತು. ಮಕ್ಕಳು ಇನ್ನೂ ನಗುತ್ತಿದ್ದರು. ನಾನು ಕುರ್ಚಿಯಲ್ಲಿ ಕುಳಿತವನು ಗಂಟೆ ಹೊಡೆಯುವವರೆಗೆ ಏಳಲಿಲ್ಲ. ಅವಳಿಗೆ ಹದಿಮೂರು ವರ್ಷ. ನಾನು ಹೌದು ಎಂದ ದಿನ ಅವಳು ಹುಟ್ಟಿಯೇ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ಬೇರೆ.

ಮುಂದಿನ ರವಿವಾರ ಆ ಊರಿಗೆ ಹೋದೆ. ಕೊಡ್ಲಿಯವರೆಗೆ ಬಸ್ಸು, ಅಲ್ಲಿಂದ ಆಟೋ. ಬಾವಿ ಎಲ್ಲಿ ಎಂದು ಕೇಳಿದರೆ ಒಬ್ಬರು ಕೈ ತೋರಿಸಿದರು — ಅದರ ಬಾಯಿಗೆ ಶಹಾಬಾದ ಫರಸಿಕಲ್ಲು ಮುಚ್ಚಿದ್ದಾರೆ. ಮನೆ ಮುಂದೆ ನಳ ಬಂದ ಮೇಲೆ ಅಷ್ಟು ದೂರ ಯಾರು ಹೋಗುತ್ತಾರೆ? ಹೂಳು ತುಂಬಿತು, ಗೋಡೆ ಕುಸಿಯಿತು, ಮಕ್ಕಳು ಬಿದ್ದಾರೆಂದು ಮುಚ್ಚಿದರು. ದಾರಿಯಲ್ಲಿ ಕಟ್ಟೆಯ ಮೇಲೆ ಕುಳಿತ ಒಬ್ಬ ನನ್ನನ್ನು ನೋಡಲು ಕತ್ತು ಹೊರಳದೆ ಮೈಯನ್ನೇ ತಿರುಗಿಸಿದ. ನನಗಿಂತ ಚಿಕ್ಕವನಿರಬೇಕು.

ನೀಲಮ್ಮನವರೂ ಹಾಗೆಯೇ ತಿರುಗಿದರು. ಬೆನ್ನು ಬಾಗಿದೆ, ಮೊಣಕಾಲು ಮಡಚಲು ಬರುವುದಿಲ್ಲ. ಆದರೂ ನನ್ನ ಗುರುತು ಹಿಡಿದರು.

"ಬರ್ರಿ ಮಾಸ್ತರ, ಕುಂದ್ರಿ," ಅಂದರು. ಮೂಲೆಯಲ್ಲಿ ಒಂದು ಫಿಲ್ಟರ್ ನೀರಿನ ಕ್ಯಾನು ಇತ್ತು. ಮೊಮ್ಮಗಳ ಕೂಸಿಗೆ ಮತ್ತು ಬಂದವರಿಗೆ ಮಾತ್ರ ಆ ನೀರಂತೆ. ಉಳಿದವರಿಗೆ ನಳದ್ದು. ಆ ಕ್ಯಾನಿನಿಂದಲೇ ತಂಬಿಗೆ ತುಂಬಿ ಬೆಲ್ಲದ ಚೂರಿನ ಜೊತೆ ನನ್ನ ಕೈಗೆ ಕೊಟ್ಟರು. ಕೊಟ್ಟು ಹೇಳಿದರು:

"ನೋಡ್ತೀವಿ ಅಂದು ಹೋದ ಬಾಯಾರು ತಿರುಗಿ ನೋಡಲಿಲ್ರಿ. ಎಲ್ಲ ಕೇಳಿಸಿಕೊಂಡು ಹೋದ್ರು, ಮರತು ಬಿಟ್ರು. ದೊಡ್ಡ ಮಂದಿ, ಏನ್ ಮಾಡ್ತೀರಿ. ನೀವೊಬ್ಬರು ನಮ್ಮ ಪರ ಒಂದು ಮಾತು ಹೇಳಿದ್ರಿ. ಇವತ್ತಿಗೂ ನಿಮ್ಮನ್ನ ನೆನಸ್ತೀವಿ ನಾವು."

ನಾನು ಏನೇನೋ ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ. ಇದಕ್ಕೆ ಸಿದ್ಧನಾಗಿರಲಿಲ್ಲ. ಹದಿನೇಳು ವರ್ಷ ಈ ಊರು ಆ ಪರದೇಶದವಳನ್ನು ಶಪಿಸಿದೆ, ನನ್ನನ್ನು ನೆನೆಸಿದೆ — ನನ್ನನ್ನು! ತಂಬಿಗೆಯನ್ನು ಬಾಯಿಗೆ ಎತ್ತದೆ ಕೈಯಲ್ಲೇ ಹಿಡಿದೆ.

"ಯವ್ವಾ, ನಾನು ಹೇಳಲಿಲ್ಲ," ಅಂದೆ. "ನೀವು ಅಂದದ್ದು ಯಾವುದೂ ಆಕಿಗೆ ನಾನು ಹೇಳಲೇ ಇಲ್ಲ. ಬೋರಿನ ನೀರೇ ಅಂತ ಅಂದೆ. ನೋಡ್ತೀವಿ ಅಂದದ್ದು ಆಕಿ ಅಲ್ಲ, ನಾನು."

ನೀಲಮ್ಮ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡರು. ಒಂದು ಹನಿಯೂ ಚೆಲ್ಲದಂತೆ ಆ ನೀರನ್ನು ಕ್ಯಾನಿಗೆ ತಿರುಗಿ ಹೊಯ್ದರು. ಬಚ್ಚಲ ಬದಿಯ ಕೊಡದಿಂದ ನಳದ ನೀರು ತುಂಬಿ ನನ್ನ ಮುಂದೆ ಇಟ್ಟರು.

"ಕುಡಿರಿ."

ಕುಡಿದೆ, ಪೂರ್ತಿ.

"ಸಿಹಿ ಅದ ಏನ್ರಿ?"

ನಾನು ಬರಿದಾದ ತಂಬಿಗೆಯನ್ನು ಕೆಳಗಿಟ್ಟೆ.

"ಈಗ ಬರೀರಿ ಆ ಬಾಯಾರಿಗೆ. ನಾ ಅಂದದ್ದು ಅಂದಂಗ ಬರೀರಿ."

ಬರೆದಿದ್ದೇನೆ. ನೀರನ್ನು ಪರೀಕ್ಷೆಗೆ ಕೊಟ್ಟೆ. ಫ್ಲೋರೈಡ್ ಹೆಚ್ಚಿದೆ, ಹಲ್ಲು ಎಲುಬು ಕೆಡಿಸುತ್ತದೆ, ಕುಡಿಯಲು ಯೋಗ್ಯವಲ್ಲ ಎಂದು ಬಂತು. ಆ ವರದಿಯ ಜೊತೆ, ನನ್ನ ಹೆಸರು ಹಾಕಿ, ಮೊದಲ ಸಾಲಿನಲ್ಲೇ ನೀಲಮ್ಮನವರ ಮಾತು ಇಟ್ಟು ಆ ಸಂಸ್ಥೆಗೆ ಪತ್ರ ಕಳಿಸಿದೆ. ತಾಲೂಕು ಕಚೇರಿಗೂ ಅರ್ಜಿ ಕೊಟ್ಟೆ. ಆ ದಿನ ಸಭೆಯಲ್ಲಿ ಒಂದು ತಾಸು ಕುಳಿತು ಎದ್ದು ಹೋದ ಸಂಸ್ಥೆಯವರು, ನೀರಿನ ಪರೀಕ್ಷೆ ಆಗಿದೆಯೇ ಎಂದು ಒಮ್ಮೆಯೂ ಕೇಳದವರು, ಫೋಟೋ ಒಯ್ದು ಮತ್ತೆ ಈ ಕಡೆ ತಲೆ ಹಾಕದವರು — ಅವರ ಪಾಲಿನ ಉತ್ತರ ಅವರು ಕೊಡಲಿ. ಅವರ ತಪ್ಪನ್ನು ನನ್ನ ಪಾಲಿನಿಂದ ಕಳೆಯಲು ನನಗೆ ಹಕ್ಕಿಲ್ಲ. ಆಕೆ ಕೇಳಿದ್ದಳು. ನಾನು ಹೇಳಲಿಲ್ಲ.

ಆ ಹುಡುಗಿಯ ಕ್ಷಮೆಯನ್ನು ಅದೇ ಕ್ಲಾಸಿನಲ್ಲಿ, ಅದೇ ಮಕ್ಕಳ ಮುಂದೆ ಕೇಳಿದೆ. ಅವಳು ತಲೆ ಆಡಿಸಿದಳು. ಓದುವಾಗ ಇನ್ನೂ ಬಾಯಿಗೆ ವೇಲು ಹಿಡಿಯುತ್ತಾಳೆ. ನಾನು ಹತ್ತಿರ ಹೋಗಿ ನಿಂತು ಕೇಳಿಸಿಕೊಳ್ಳುತ್ತೇನೆ.

ಸಂಸ್ಥೆಯಿಂದ ಉತ್ತರ ಬಂದಿಲ್ಲ. ಬಂದಿಲ್ಲ ಎಂದು ಹೇಳಲಿಕ್ಕಾದರೂ ತಿಂಗಳಿಗೊಮ್ಮೆ ಆ ಊರಿಗೆ ಹೋಗುತ್ತೇನೆ. ನೀಲಮ್ಮ ಕುಂದ್ರಿ ಅನ್ನುತ್ತಾರೆ, ತಂಬಿಗೆ ತಂದು ಇಡುತ್ತಾರೆ. ಅದರಲ್ಲಿ ನಳದ ನೀರು. ಬೆಲ್ಲ ಇರುವುದಿಲ್ಲ. ನಾನು ಮೊದಲು ಅದನ್ನು ಕುಡಿಯುತ್ತೇನೆ, ಆಮೇಲೆ ಮಾತಾಡುತ್ತೇನೆ.